ಹಗುರ ಟಚ್ ಮಾನಿಟರ್: ಬೆರಳಿಗೆ ಅಲ್ಲಿ ನಿಜವಾಗಿ ಕೆಲಸ ಇದೆಯಾ?

ತುಂಗಾತೀರ · ಜೂನ್ 2, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ಪೋರ್ಟಬಲ್ ಮಾನಿಟರ್ ತಗೊಳ್ಳಬೇಕು ಅಂತ ಎರಡು ತಿಂಗಳಿಂದ ನೋಡುತ್ತಿದ್ದೇನೆ. ನೋಡಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಬಳಸಿದವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ತಿಂಗಳಲ್ಲಿ ಎರಡು ವಾರ ಬೆಂಗಳೂರು, ಎರಡು ವಾರ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ. ಅಲ್ಲಿ ಅಮ್ಮ ಒಬ್ಬರೇ. ಓಡಾಟವೆಲ್ಲ ರಾತ್ರಿ ಬಸ್ಸಿನಲ್ಲಿ, ಬೆನ್ನಿಗೊಂದು ಚೀಲ. ಲ್ಯಾಪ್‌ಟಾಪ್ 14 ಇಂಚು, 1.4 ಕೆಜಿ. ಬೆಂಗಳೂರಲ್ಲಿ 24 ಇಂಚಿನ ಮಾನಿಟರ್ ಇದೆ. ಊರಿಗೆ ಹೋದಾಗ ಒಂದೇ ಸ್ಕ್ರೀನಿನಲ್ಲಿ ಒದ್ದಾಡುತ್ತೇನೆ. ಒಂದು ಕಡೆ ಟೆಸ್ಟ್ ಶೀಟ್, ಇನ್ನೊಂದು ಕಡೆ ಆ್ಯಪ್, ದಿನವಿಡೀ ಕಿಟಕಿ ಬದಲಾಯಿಸುವುದೇ ಆಗುತ್ತದೆ.

ಟಚ್ ಯಾಕೆ ಅಂದರೆ, ನಾನು ಟೆಸ್ಟ್ ಮಾಡುವುದು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಅದನ್ನು ಬಳಸುವವರು ಕೌಂಟರಿನಲ್ಲಿ ಬೆರಳಲ್ಲೇ ಒತ್ತುತ್ತಾರೆ. ಮೌಸಿನಲ್ಲಿ ಸಲೀಸಾಗಿ ಸಿಗುವ ಬಟನ್ ಬೆರಳಿಗೆ ಸಿಗುವುದಿಲ್ಲ. ಅದು ನನಗೆ ಆಫೀಸಿಗೆ ಹೋದಾಗಲೇ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಶಿವಮೊಗ್ಗ ಕಡೆಯ ಅಂಗಡಿಗಳಿಗೆ ಡೆಮೊ ತೋರಿಸಲೂ ಹೋಗಬೇಕು.

ಕೇಳಬೇಕಾದ್ದು: ಟಚ್‌ಗೆ ಕೊಡುವ ಹೆಚ್ಚಿನ ದುಡ್ಡು ಮತ್ತು ತೂಕ ಸಾರ್ಥಕವಾ? 14 ಇಂಚಾ, 15.6 ಇಂಚಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಬರುವುದು ಯಾವಾಗಲೋ. ಆಗ ಇದು ಎಷ್ಟು ಹೊತ್ತು ನಡೆಯುತ್ತದೆ? ನನ್ನ ಮಿತಿ 20,000 ರೂಪಾಯಿ.

ತಂತಿಗಂಟು · ಜೂನ್ 2, ರಾತ್ರಿ 10:25

ಅಕ್ಕಾ, ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವನು ನಾನು. ಮಾನಿಟರ್ ಆರಿಸುವ ಮುಂಚೆ ನಿಮ್ಮ ಲ್ಯಾಪ್‌ಟಾಪಿನ ಟೈಪ್-ಸಿ ತೂತು ಯಾವ ಜಾತಿಯದು ನೋಡಿ. ನನ್ನ ಹತ್ತಿರ "ಮಾನಿಟರ್ ಕೆಟ್ಟಿದೆ" ಅಂತ ತರುವವರಲ್ಲಿ ಎಷ್ಟೋ ಜನರ ಮಾನಿಟರ್ ಸರಿಯಾಗೇ ಇರುತ್ತದೆ.

ಟೈಪ್-ಸಿ ಅನ್ನುವುದು ಬರೀ ಆಕಾರದ ಹೆಸರು. ಆ ತೂತಿನಿಂದ ಚಿತ್ರ ಹೊರಗೆ ಬರಬೇಕಾದರೆ ಅದರಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇರಬೇಕು. ತೂತಿನ ಪಕ್ಕ ಮಿಂಚಿನ ಬಾಣದ ಗುರುತಿದ್ದರೆ ಅದು ಥಂಡರ್‌ಬೋಲ್ಟ್, ಚಿಂತೆ ಇಲ್ಲ. ಡಿ ಒಳಗೆ ಪಿ ಕೂತ ಹಾಗಿನ ಗುರುತಿದ್ದರೂ ಆಯಿತು. ಬರೀ ಎಸ್‌ಎಸ್ ಅಂತ ಇದ್ದರೆ ಅದು ಡೇಟಾದ ಮಾತು, ಚಿತ್ರದ ಭರವಸೆ ಇಲ್ಲ. ಗುರುತೇ ಇಲ್ಲದಿದ್ದರೆ ಕಂಪನಿಯ ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿ ವಿವರ ಓದಿ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಇರುತ್ತದೆ, ಚಿತ್ರ ಬರುವುದಿಲ್ಲ.

ಹಾಗಿದ್ದರೆ ಎಚ್‌ಡಿಎಂಐ ದಾರಿ ಹಿಡಿಯಬೇಕು. ಅದರಲ್ಲಿ ಚಿತ್ರ ಮತ್ತು ಧ್ವನಿ ಮಾತ್ರ ಹೋಗುತ್ತದೆ, ಟಚ್ ಹೋಗುವುದಿಲ್ಲ. ಟಚ್‌ಗೆ ಇನ್ನೊಂದು ಯುಎಸ್‌ಬಿ ವೈರ್ ಬೇಕು. ಕರೆಂಟ್ ಸಾಲದಿದ್ದರೆ ಮೂರನೆಯದೂ ಬೇಕು. ಮೇಜಿನ ಮೇಲೆ ಮೂರು ವೈರ್ ಹರಡಿಕೊಂಡು ಕೂತರೆ ಹಗುರ ಮಾನಿಟರ್ ತಗೊಂಡು ಏನು ಬಂತು?

ವೈರಿನ ವಿಷಯವೂ ಹೇಳಿಬಿಡುತ್ತೇನೆ. ಫೋನ್ ಚಾರ್ಜರಿನ ಟೈಪ್-ಸಿ ವೈರ್ ಸಾಮಾನ್ಯವಾಗಿ ಯುಎಸ್‌ಬಿ 2.0. ಅದರಲ್ಲಿ ಚಿತ್ರದ ಎಳೆಗಳೇ ಇರುವುದಿಲ್ಲ. ಮಾನಿಟರ್ ಜೊತೆ ಬಂದ ದಪ್ಪ, ಗಿಡ್ಡ, ಸ್ವಲ್ಪ ಬಿರುಸಾದ ವೈರ್ ಇರುತ್ತದಲ್ಲ, ಅದನ್ನು ಬೇರೆ ವೈರುಗಳ ಜೊತೆ ಸೇರಿಸಬೇಡಿ. ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ ಇಡಿ.

ಎರಡುಚೀಲ · ಜೂನ್ 3, ಬೆಳಿಗ್ಗೆ 6:50

ನಾನು ಒಂದು ವರ್ಷ ಬಳಸಿ ಮಾರಿದವನು, ಹಾಗಾಗಿ ಇನ್ನೊಂದು ಕಡೆಯ ಮಾತನ್ನೂ ಕೇಳಿ.

ಕೆಲಸದ ಮೇಲೆ ವಾರಕ್ಕೆ ಎರಡು ಸಲ ವಿಮಾನ ಹತ್ತುತ್ತೇನೆ. ದೇಶದೊಳಗೆ ಕೈಚೀಲಕ್ಕೆ 7 ಕೆಜಿ ಮಿತಿ. ನಾನು ತಗೊಂಡಿದ್ದು 15.6 ಇಂಚಿನ ಟಚ್ ಮಾನಿಟರ್. ಡಬ್ಬದ ಮೇಲೆ 850 ಗ್ರಾಂ ಅಂತಿತ್ತು. ಅದು ಬರೀ ಪರದೆಯ ತೂಕ. ಆಸರೆಗೆ ಬೇಕಾದ ಅಯಸ್ಕಾಂತದ ಕವರ್ ಬೇರೆ 320 ಗ್ರಾಂ. ಎರಡು ವೈರ್, ಒಂದು 65 ವ್ಯಾಟ್ ಚಾರ್ಜರ್ ಸೇರಿಸಿ ತಕ್ಕಡಿಗೆ ಇಟ್ಟರೆ 1.4 ಕೆಜಿ. ನಿಮ್ಮ ಲ್ಯಾಪ್‌ಟಾಪಿನಷ್ಟೇ ಆಯಿತು, ಅಲ್ವಾ? ಅಂದರೆ ಬೆನ್ನ ಮೇಲೆ ಇನ್ನೊಂದು ಲ್ಯಾಪ್‌ಟಾಪ್ ಹೊತ್ತ ಹಾಗೆ.

ಟಚ್ ಅನ್ನು ನಾನು ವರ್ಷದಲ್ಲಿ ಹತ್ತು ಸಲ ಮುಟ್ಟಿರಬಹುದು. ಕೀಬೋರ್ಡ್ ದಾಟಿ ಕೈ ಚಾಚಿದರೆ ಐದು ನಿಮಿಷಕ್ಕೆ ಭುಜ ನೋಯುತ್ತದೆ. ಹೋಟೆಲ್ ದೀಪವೆಲ್ಲ ಅದರ ಗಾಜಿನಲ್ಲಿ ಕಾಣುತ್ತಿತ್ತು. ಈಗ ಟಚ್ ಇಲ್ಲದ 14 ಇಂಚಿನದು ಇದೆ, 600 ಗ್ರಾಮಿಗಿಂತ ಕಡಿಮೆ, ಪರದೆ ಮ್ಯಾಟ್. ಅದನ್ನು ನಿಜವಾಗಿಯೂ ದಿನಾ ಚೀಲದಿಂದ ತೆಗೆಯುತ್ತೇನೆ.

ನಿಮಗೆ ಟಚ್ ಬೇಕು ಅನ್ನಲು ಕಾರಣ ಇದೆ, ನನಗೆ ಇರಲಿಲ್ಲ. ಆದರೆ ತೂಕ ನೋಡುವಾಗ ಕವರ್ ಸೇರಿಸಿ ನೋಡಿ.

ಗಣಿತದಮೇಷ್ಟ್ರು · ಜೂನ್ 3, ಸಂಜೆ 5:30

ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳುತ್ತೇನೆ. ಸಂಜೆ ಆನ್‌ಲೈನ್ ಪಾಠ. ಕಪ್ಪುಹಲಗೆಯ ಬದಲು ಪರದೆ ಮೇಲೆ ಬರೆಯಬೇಕು ಅಂತ ಟಚ್ ಮಾನಿಟರ್ ತರಿಸಿದೆ. ಬಂದ ಮೇಲೆ ತಿಳಿದದ್ದು ಏನೆಂದರೆ, ಬೆರಳಿನ ಟಚ್ ಬೇರೆ, ಪೆನ್ನಿನ ಟಚ್ ಬೇರೆ. ಇದನ್ನು ಅಂಗಡಿಯವರು ಬಾಯಿಬಿಟ್ಟು ಹೇಳುವುದಿಲ್ಲ.

ಕಡಿಮೆ ಬೆಲೆಯ ಟಚ್ ಮಾನಿಟರಿನಲ್ಲಿ ಹತ್ತು ಬೆರಳನ್ನು ಒಟ್ಟಿಗೆ ಗುರುತಿಸುವ ಟಚ್ ಇರುತ್ತದೆ. ಅದಕ್ಕೆ ರಬ್ಬರ್ ತುದಿಯ ಪೆನ್ನೂ ಒಂದು ಬೆರಳೇ. ಬರೆಯಲು ಕೈ ಊರಿದ ತಕ್ಷಣ ಅಂಗೈಯೂ ಬೆರಳಾಗಿಬಿಡುತ್ತದೆ. ಒಂದು ಇಂಟಿಗ್ರಲ್ ಗುರುತು ಎಳೆಯುತ್ತಿದ್ದೆ, ಕೈಯ ಅಂಚು ತಾಗಿ ಪುಟವೇ ಕೆಳಗೆ ಜಾರಿತು. ಮಕ್ಕಳಿಗೆ ನಾನು ಯಾವ ಸಾಲಿನಲ್ಲಿದ್ದೇನೆ ಅಂತಲೇ ತಿಳಿಯಲಿಲ್ಲ. ಕೈಯನ್ನು ಗಾಳಿಯಲ್ಲಿ ಹಿಡಿದು ಒಂದು ಗಂಟೆ ಬರೆಯಲು ಯಾರಿಂದ ಆಗುತ್ತದೆ?

ಬರೆಯುವ ಕೆಲಸ ಇದ್ದವರಿಗೆ ಆ್ಯಕ್ಟಿವ್ ಪೆನ್ ಒಪ್ಪುವ ಮಾನಿಟರೇ ಬೇಕು. ಲೆನೊವೊ ಥಿಂಕ್‌ವಿಷನ್ ಎಂ14ಟಿ ಅಂಥದ್ದು. 14 ಇಂಚು, ಸುಮಾರು 700 ಗ್ರಾಂ, ಒತ್ತಡದ 4096 ಹಂತ ಗುರುತಿಸುವ ಪೆನ್. ಪೆನ್ ಹತ್ತಿರ ಬಂದರೆ ಅಂಗೈಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೆಲೆ ಮಾತ್ರ ತುಂಗಾತೀರ ಅವರ ಮಿತಿ ದಾಟುತ್ತದೆ.

ನಾನು ಕೊನೆಗೆ ಪರದೆ ಇಲ್ಲದ ಪೆನ್ ಟ್ಯಾಬ್ಲೆಟ್ ತಗೊಂಡೆ. ವೇಕಾಮ್, ಹ್ಯೂಯಾನ್ ಇವರು ಮಾಡುತ್ತಾರಲ್ಲ, ಆ ಕಪ್ಪು ಹಲಗೆ. ಸಣ್ಣದು ಕಾಲು ಕೆಜಿ ಆಸುಪಾಸು. ಬರೆಯುವುದು ಕೆಳಗೆ, ನೋಡುವುದು ಮೇಲೆ. ಹತ್ತು ದಿನ ಕೈ ಹೇಳಿದ ಮಾತು ಕೇಳಲಿಲ್ಲ, ಅಕ್ಷರ ಒಂದರ ಮೇಲೊಂದು ಬೀಳುತ್ತಿತ್ತು. ಹನ್ನೊಂದನೇ ದಿನಕ್ಕೆ ಒಗ್ಗಿತು. ಈಗ ಕುತ್ತಿಗೆಯೂ ಬಾಗುವುದಿಲ್ಲ.

ತುಂಗಾತೀರ · ಜೂನ್ 3, ರಾತ್ರಿ 9:15

ಮೇಷ್ಟ್ರೇ, ನನಗೆ ಬರೆಯುವ ಕೆಲಸ ಇಲ್ಲ, ಬೆರಳೇ ಸಾಕು. ಆದರೆ ನಿಮ್ಮ ಮಾತು ಓದಿ ನನ್ನ ಅಣ್ಣನ ಮಗಳನ್ನು ತಡೆದೆ. ಅವಳು ಚಿತ್ರ ಬಿಡಿಸಲು ಇಂಥದ್ದನ್ನೇ ನೋಡುತ್ತಿದ್ದಳು.

ತಂತಿಗಂಟು ಅಣ್ಣ, ನೋಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಟೈಪ್-ಸಿ ಇವೆ. ಒಂದರ ಪಕ್ಕ ಮಿಂಚಿನ ಬಾಣ, ಇನ್ನೊಂದರ ಪಕ್ಕ ಬರೀ ಎಸ್‌ಎಸ್. ಎರಡು ವರ್ಷದಿಂದ ಬಳಸುತ್ತಿದ್ದೇನೆ, ಇವತ್ತೇ ಗಮನಿಸಿದ್ದು. ಕರೆಂಟಿನ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಿ.

ತಂತಿಗಂಟು · ಜೂನ್ 3, ರಾತ್ರಿ 10:05

ಕರೆಂಟಿನ ಲೆಕ್ಕ ಬಹಳ ಸುಲಭ ಅಕ್ಕಾ.

ಇಂಥ ಮಾನಿಟರ್ ಬೆಳಕಿನ ಮೇಲೆ 5ರಿಂದ 10 ವ್ಯಾಟ್ ತಿನ್ನುತ್ತದೆ. 8 ಅಂತ ಇಟ್ಟುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿ 50 ವ್ಯಾಟ್-ಅವರ್, ಲ್ಯಾಪ್‌ಟಾಪ್ ತಾನು ತಿನ್ನುವುದು 10 ವ್ಯಾಟ್ ಆದರೆ 5 ಗಂಟೆ ಬರುತ್ತದೆ. ಮಾನಿಟರನ್ನೂ ಅದರಿಂದಲೇ ಸಾಕಿದರೆ ಒಟ್ಟು 18 ವ್ಯಾಟ್. ಆಗ ಎರಡೂ ಮುಕ್ಕಾಲು ಗಂಟೆ, ಅಷ್ಟೇ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಅದಕ್ಕೆ ಪವರ್ ಬ್ಯಾಂಕ್ ಇಟ್ಟುಕೊಳ್ಳಿ. 20,000 ಎಂಎಎಚ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್. ಮಧ್ಯೆ ಸೋರಿ ಹೋಗುವುದನ್ನು ಕಳೆದರೆ 60 ಸಿಗಬಹುದು. ಬರೀ ಮಾನಿಟರಿಗೆ ಕೊಟ್ಟರೆ 7 ಗಂಟೆ ಓಡುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿ ಲ್ಯಾಪ್‌ಟಾಪಿಗೇ ಉಳಿಯುತ್ತದೆ. ಇದಕ್ಕೆ ಮಾನಿಟರಿನಲ್ಲಿ ಎರಡು ಟೈಪ್-ಸಿ ಇರಬೇಕು, ಒಂದು ಚಿತ್ರಕ್ಕೆ, ಒಂದು ಕರೆಂಟಿಗೆ. ಕೊಳ್ಳುವ ಮುಂಚೆ ಅದನ್ನು ಎಣಿಸಿ. ಕೆಲವು ಮಾನಿಟರುಗಳು ಪಿಡಿ (ಟೈಪ್-ಸಿಯಲ್ಲಿ ಹೆಚ್ಚು ವ್ಯಾಟ್ ಕೊಡುವ) ಚಾರ್ಜರಿನ ಕರೆಂಟನ್ನು ತಾವು ಕುಡಿದು ಉಳಿದದ್ದನ್ನು ಲ್ಯಾಪ್‌ಟಾಪಿಗೂ ದಾಟಿಸುತ್ತವೆ. ಅಂಥದ್ದು ಸಿಕ್ಕರೆ ಒಂದೇ ಚಾರ್ಜರ್ ಸಾಕು.

ಏಸುಸ್‌ನ ಝೆನ್‌ಸ್ಕ್ರೀನ್ ಎಂಬಿ16ಎಎಂಟಿ ಥರದವಕ್ಕೆ ಒಳಗೇ 7800 ಎಂಎಎಚ್ ಬ್ಯಾಟರಿ ಇದೆ. ಅನುಕೂಲವೇ. ಆದರೆ ತೂಕ 0.9 ಕೆಜಿ. ಜೊತೆಗೆ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೋತಾಗ ಅದನ್ನು ಬದಲಾಯಿಸಲು ಪರದೆಯನ್ನೇ ಬಿಚ್ಚಬೇಕು. ಪವರ್ ಬ್ಯಾಂಕ್ ಸೋತರೆ ಬೇರೆ ತಂದರಾಯಿತು. ನನಗೆ ಬ್ಯಾಟರಿ ಹೊರಗಿರುವುದೇ ಇಷ್ಟ.

ಇನ್ನೊಂದು. ಬೆಳಕು ಪೂರ್ತಿ ಏರಿಸಿದಾಗ ಪರದೆ ಆರಿ ಹತ್ತುತ್ತಿದ್ದರೆ ಪ್ಯಾನೆಲ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಲ್ಯಾಪ್‌ಟಾಪಿನ ತೂತು ಕೊಡುವ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ.

ಅಕ್ಷರಪ್ರೀತಿ · ಜೂನ್ 4, ಬೆಳಿಗ್ಗೆ 11:20

ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಇಂಚಿನ ಪ್ರಶ್ನೆಗೆ ನನ್ನ ಉತ್ತರ ಒತ್ತಕ್ಷರದಿಂದ ಶುರುವಾಗುತ್ತದೆ.

ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕೂತಿರುತ್ತದೆ. ನಮ್ಮದು ಹಾಗಲ್ಲ. "ರಾಷ್ಟ್ರ" ಅನ್ನುವ ಪದ ತೆಗೆದುಕೊಳ್ಳಿ. ಷ ಕೆಳಗೆ ಟ ಒತ್ತು, ಅದರ ಜೊತೆಗೇ ರ ಒತ್ತು. ಸಣ್ಣ ಪರದೆಯಲ್ಲಿ ಪೂರ್ತಿ ಎಚ್‌ಡಿ, ಅಂದರೆ 1920 ಅಗಲಕ್ಕೆ 1080 ಎತ್ತರದಷ್ಟು ಚುಕ್ಕಿ, ಇಟ್ಟು ಗಾತ್ರ ಶೇ 100ರಲ್ಲೇ ಬಿಟ್ಟರೆ ಒತ್ತು ಎಷ್ಟು ಚಿಕ್ಕದಾಗುತ್ತದೆ ಎಂದರೆ ತ ಒತ್ತೋ ನ ಒತ್ತೋ ಅಂತ ಬಗ್ಗಿ ನೋಡಬೇಕು. 24 ಇಂಚಿನ ಪೂರ್ತಿ ಎಚ್‌ಡಿ ಪರದೆಯಲ್ಲಿ ಇಂಚಿಗೆ 92 ಚುಕ್ಕಿ. 15.6ರಲ್ಲಿ 141. 14ರಲ್ಲಿ 157. ಚುಕ್ಕಿ ಒತ್ತಾದಷ್ಟೂ ಅಂಚು ಚೆಂದ, ಆದರೆ ಅಕ್ಷರ ಕುಗ್ಗುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ಗಾತ್ರ ಶೇ 125 ಅಥವಾ 150 ಮಾಡಲೇಬೇಕು. ಶೇ 150 ಮಾಡಿದರೆ 1920 ಅಗಲದ ಪರದೆ ಕೆಲಸಕ್ಕೆ 1280ರಷ್ಟೇ ಜಾಗ ಕೊಡುತ್ತದೆ. ಎರಡು ಕಿಟಕಿ ಪಕ್ಕಪಕ್ಕ ಇಡುವ ಆಸೆ ಅಲ್ಲಿಗೆ ಮುಗಿಯುತ್ತದೆ.

ಬೆರಳಲ್ಲಿ ಒತ್ತುವವರಿಗೆ ಗಾತ್ರ ದೊಡ್ಡದಿರುವುದೇ ಒಳ್ಳೆಯದು, ಇಲ್ಲದಿದ್ದರೆ ಪಕ್ಕದ ಬಟನ್ ಒತ್ತಿಹೋಗುತ್ತದೆ. ಸಾಧ್ಯ ಇದ್ದರೆ 16:10 ಆಕಾರದ್ದು ನೋಡಿ. 1920 ಅಗಲಕ್ಕೆ 1200 ಎತ್ತರ. ಆ ಹೆಚ್ಚಿನ 120 ಸಾಲು ಚುಕ್ಕಿ ಓದುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಬಣ್ಣದ ಕೆಲಸ ಇರುವವರಿಗೆ ಒಂದು ಮಾತು. ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದಕ್ಕೆ ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಅಂತ ಅಳತೆಗಳಿವೆ. ಡಬ್ಬದ ಮೇಲೆ "ಶೇ 45 ಎನ್‌ಟಿಎಸ್‌ಸಿ" ಅಂತ ಇದ್ದರೆ ಬಿಟ್ಟುಬಿಡಿ. ಅಂಥ ಪರದೆಯಲ್ಲಿ ಕುಂಕುಮದ ಕೆಂಪು ಇಟ್ಟಿಗೆ ಬಣ್ಣದ ಹಾಗೆ ಕಾಣುತ್ತದೆ. ಶೇ 72 ಎನ್‌ಟಿಎಸ್‌ಸಿ ಅಥವಾ ಶೇ 100 ಎಸ್‌ಆರ್‌ಜಿಬಿ ಇದ್ದರೆ ಪರವಾಗಿಲ್ಲ. ಒಮ್ಮೆ ನಾನು ಇಂಥ ಮಂಕು ಪರದೆ ನಂಬಿ ಒಂದು ಮುಖಪುಟದ ಹಳದಿ ಏರಿಸಿದೆ. ಅಚ್ಚಾಗಿ ಬಂದಾಗ ಲೇಖಕರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ನೇತ್ರಾವತಿದಂಡೆ · ಜೂನ್ 4, ಮಧ್ಯಾಹ್ನ 2:45

ಮ್ಯಾಕ್ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿ ನಿಲ್ಲಿ. ಮ್ಯಾಕ್‌ಓಎಸ್‌ನಲ್ಲಿ ಹೊರಗಿನ ಟಚ್ ಪರದೆಗೆ ತಾನಾಗಿ ಬೆಂಬಲ ಇಲ್ಲ. ಚಿತ್ರ ಬರುತ್ತದೆ, ಬೆರಳು ಇಟ್ಟರೆ ಸರಿಯಾಗಿ ಕೇಳುವುದಿಲ್ಲ. ಬೇರೆ ಕಂಪನಿಯವರ ಡ್ರೈವರ್ ಸಾಫ್ಟ್‌ವೇರ್ ದುಡ್ಡು ಕೊಟ್ಟು ಹಾಕಿಕೊಳ್ಳಬೇಕು. ನಾನು ಮಂಗಳೂರಲ್ಲಿ ಮನೆ ನಕ್ಷೆ ಮಾಡುವವಳು. ಇದು ಗೊತ್ತಿಲ್ಲದೆ ಟಚ್‌ಗೆ 6,000 ರೂಪಾಯಿ ಹೆಚ್ಚು ಕೊಟ್ಟೆ. ಮಾರಿದವರನ್ನು ಕೇಳಿದಾಗ "ಎಲ್ಲದಕ್ಕೂ ಆಗುತ್ತದೆ ಮೇಡಂ" ಅಂದಿದ್ದರು. ಹಿಂದಿರುಗಿಸಲು ಹೋದರೆ ಡಬ್ಬ ತೆರೆದಾಗಿದೆ ಅಂದರು.

ಐಪ್ಯಾಡ್ ಇದ್ದವರಿಗೆ 2019ರಿಂದ ಸೈಡ್‌ಕಾರ್ ಇದೆ. ಐಪ್ಯಾಡನ್ನೇ ಎರಡನೇ ಪರದೆ ಮಾಡಿಕೊಳ್ಳಬಹುದು. ಅದರಲ್ಲೂ ಮ್ಯಾಕಿನ ಬಟನ್ ಒತ್ತಲು ಆ್ಯಪಲ್ ಪೆನ್ಸಿಲ್ಲೇ ಬೇಕು, ಬೆರಳಿನಿಂದ ಪುಟ ಸರಿಸಬಹುದು ಅಷ್ಟೇ. ನನಗೆ ಈಗ ಅದೇ ಸಾಕಾಗಿದೆ.

ಪೆಂಗ್ವಿನ್‌ಬಳಗ · ಜೂನ್ 4, ಸಂಜೆ 7:10

ಲಿನಕ್ಸ್‌ನಲ್ಲಿ ಟಚ್ ಕೆಲಸ ಮಾಡುತ್ತದೆ. ಪರದೆ ನಡೆಸುವ ಹಳೆಯ ವ್ಯವಸ್ಥೆ ಎಕ್ಸ್11 ಇದ್ದರೆ ಮೊದಲ ದಿನ ಒಂದು ತೊಂದರೆ ಬರಬಹುದು. ಮಾನಿಟರಿನಲ್ಲಿ ಒತ್ತಿದರೆ ಬಾಣ ಲ್ಯಾಪ್‌ಟಾಪಿನ ಪರದೆಯಲ್ಲಿ ಓಡಾಡುತ್ತದೆ. ಎಕ್ಸ್‌ಇನ್‌ಪುಟ್ ಆದೇಶದಲ್ಲಿ ಟಚ್ ಸಾಧನವನ್ನು ಆ ಪರದೆಗೆ ಕಟ್ಟಬೇಕು. ವಿಂಡೋಸ್‌ನಲ್ಲೂ ಇದೇ ತೊಂದರೆ ಬರುತ್ತದೆ ಅಂತ ನನ್ನ ತಮ್ಮ ಹೇಳುತ್ತಿದ್ದ. ಗೊತ್ತಿದ್ದವರು ಬರೆಯಿರಿ.

ಎರಡುಚೀಲ · ಜೂನ್ 4, ಸಂಜೆ 7:55

ಹೌದು, ಬರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್ ತೆರೆದು ಸೆಟಪ್ ಒತ್ತಿ. ಒಂದೊಂದೇ ಪರದೆ ಬಿಳಿಯಾಗಿ "ಇದನ್ನು ಮುಟ್ಟಿ" ಅಂತ ಕೇಳುತ್ತದೆ. ಟಚ್ ಇಲ್ಲದ ಪರದೆಯಲ್ಲಿ ಕೇಳಿದರೆ ಎಂಟರ್ ಒತ್ತಿ ಮುಂದಕ್ಕೆ ಹೋಗಿ, ಟಚ್ ಪರದೆಯಲ್ಲಿ ಕೇಳಿದಾಗ ಬೆರಳು ಇಡಿ. ಅರ್ಧ ನಿಮಿಷದ ಕೆಲಸ. ಇದು ಗೊತ್ತಿಲ್ಲದೆ ಮಾನಿಟರ್ ವಾಪಸ್ ಕಳಿಸಿದವರನ್ನು ನಾನೇ ಕಂಡಿದ್ದೇನೆ.

ತಂತಿಗಂಟು · ಜೂನ್ 4, ರಾತ್ರಿ 10:30

ಟಚ್ ಬಗ್ಗೆ ಇನ್ನೆರಡು ವಿಷಯ, ಮಲೆನಾಡಿಗೆ ಮುಖ್ಯ ಅನಿಸಿದ್ದಕ್ಕೆ ಹೇಳುತ್ತೇನೆ.

ಯಾರೂ ಮುಟ್ಟದೆ ಪರದೆಯಲ್ಲಿ ತಾನೇ ಒತ್ತಿದ ಹಾಗೆ ಆಗುವುದುಂಟು. ಬಹಳ ಸಲ ಅದಕ್ಕೆ ಕಾರಣ ಅಗ್ಗದ ಚಾರ್ಜರ್, ಇಲ್ಲವೇ ಮನೆಯ ಅರ್ಥಿಂಗ್. ಈ ಟಚ್ ಕೆಲಸ ಮಾಡುವುದು ಬೆರಳು ತಾಗಿದಾಗ ಆಗುವ ಸೂಕ್ಷ್ಮ ವಿದ್ಯುತ್ ಬದಲಾವಣೆ ನೋಡಿ. ಚಾರ್ಜರಿನಿಂದ ಗದ್ದಲ ಬಂದರೆ ಅದಕ್ಕೆ ಬೆರಳು ಯಾವುದು, ಗದ್ದಲ ಯಾವುದು ತಿಳಿಯುವುದಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನೋಡಿ. ಸರಿಹೋದರೆ ಮಾನಿಟರಿನ ತಪ್ಪಲ್ಲ. ಹಳೆಯ ಮನೆಗಳಲ್ಲಿ ಮೂರನೇ ಪಿನ್ನಿನ ತೂತು ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಒದ್ದೆ ಕೈಗೂ ಹೀಗೇ ತಪ್ಪುತ್ತದೆ, ಒಂದು ಹತ್ತಿ ಬಟ್ಟೆ ಪಕ್ಕದಲ್ಲಿರಲಿ.

ಎರಡನೆಯದು, ಗಾಜು. ಎಷ್ಟೋ ಟಚ್ ಮಾನಿಟರುಗಳಲ್ಲಿ ಗಾಜು ಮತ್ತು ಪ್ಯಾನೆಲ್ ಒಂದಕ್ಕೊಂದು ಅಂಟಿರುತ್ತವೆ. ಮೂಲೆಯಲ್ಲಿ ಒಂದು ಬಿರುಕು ಬಿಟ್ಟರೆ ಎರಡನ್ನೂ ಬದಲಾಯಿಸಬೇಕು. ಆ ಖರ್ಚಿಗೆ ಹೊಸದೇ ಬರುತ್ತದೆ. ಬಸ್ಸಿನಲ್ಲಿ ಚೀಲವನ್ನು ಮೇಲಿನ ಹಲಗೆ ಮೇಲೆ ಎಸೆಯುವವರಾದರೆ ಗಟ್ಟಿ ಪೆಟ್ಟಿಗೆ ಬೇಕು, ಅದೂ ಒಂದಿಷ್ಟು ತೂಕ. ಲ್ಯಾಪ್‌ಟಾಪ್ ಮತ್ತು ಮಾನಿಟರನ್ನು ಪರದೆ ಒಳಮುಖವಾಗಿ ಇಡಿ, ಮಧ್ಯೆ ಚಾರ್ಜರ್ ತುರುಕಬೇಡಿ. ನನ್ನ ಮೇಜಿಗೆ ಬರುವ ಒಡೆದ ಪರದೆಗಳಲ್ಲಿ ಚಾರ್ಜರಿನ ಮೂಲೆ ಒತ್ತಿ ಆದದ್ದೇ ಜಾಸ್ತಿ.

ತುಂಗಾತೀರ · ಜೂನ್ 8, ರಾತ್ರಿ 8:30

ನಿನ್ನೆ ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಲ್ಯಾಪ್‌ಟಾಪ್ ಜೊತೆಗೇ ಒಯ್ದೆ. ಮೂರು ಅಂಗಡಿಯಲ್ಲಿ ನೋಡಿದೆ. ಮೊದಲೆರಡು ಕಡೆ ಡಬ್ಬ ತೆರೆಯಲು ಒಪ್ಪಲಿಲ್ಲ. ಮೂರನೆಯವರು ಕೂರಿಸಿ ತೋರಿಸಿದರು.

15.6 ಇಂಚಿನದು ಕಣ್ಣಿಗೆ ಬಹಳ ಹಿಡಿಸಿತು. ಅದರ ಆಸರೆ ಮಡಚುವ ಕವರ್. ಅದನ್ನು ಮೇಜಿನ ಮೇಲೆ ನಿಲ್ಲಿಸಿ ಮೇಲಿನ ಬಲ ಮೂಲೆಯ ಮುಚ್ಚುವ ಬಟನ್ ಒತ್ತಿದೆ. ಪರದೆ ನಿಧಾನಕ್ಕೆ ಹಿಂದೆ ವಾಲಿತು. ಕವರಿನ ಮಡಿಕೆ ಜಾರಿ ಪೂರ್ತಿ ಅಂಗಾತ ಮಲಗಿತು. ಇನ್ನೊಮ್ಮೆ ಕೂರಿಸಿ ಮಧ್ಯದಲ್ಲಿ ಒತ್ತಿದೆ, ಅಲ್ಲಾಡಿತು, ಬೀಳಲಿಲ್ಲ. ಆದರೆ ಬಿಲ್ಲಿಂಗ್ ಆ್ಯಪಿನ ಮುಖ್ಯ ಬಟನ್‌ಗಳೆಲ್ಲ ಮೇಲೆ ಮತ್ತು ಬಲಕ್ಕೇ ಇರುವುದು. ದಿನಕ್ಕೆ ಇನ್ನೂರು ಸಲ ಒತ್ತುವ ಜಾಗ ಅದು.

ಆಮೇಲೆ 14 ಇಂಚಿನದು ತೋರಿಸಿದರು. ಇದರ ಬೆನ್ನಿಗೆ ಲೋಹದ ಕಾಲು ಅಂಟಿಕೊಂಡೇ ಇದೆ, ಹಿಂಜ್ ಬಿಗಿಯಾಗಿದೆ. ಅದೇ ಮೂಲೆಯಲ್ಲಿ ಒತ್ತಿದೆ. ಕೂದಲೆಳೆಯಷ್ಟು ನಡುಗಿ ನಿಂತಿತು. ಕಾಲನ್ನು ಪೂರ್ತಿ ಚಾಚಿದರೆ ಹೆಚ್ಚುಕಡಿಮೆ ಮಲಗಿದ ಹಾಗೆ ಇಡಬಹುದು, ಆಗ ಒತ್ತಲು ಕೈ ನೋಯುವುದೇ ಇಲ್ಲ. ಎರಡು ಟೈಪ್-ಸಿ ಇವೆ, ಎಣಿಸಿದೆ! ಹಿಂದೆ ಬಿಐಎಸ್ (ಸರ್ಕಾರಿ ಮಾನಕ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಎರಡೂ ಇದ್ದವು. 17,800 ಕೊಟ್ಟು ತಂದೆ, ಬಿಲ್ ಸಮೇತ.

ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕಾಲು ಸೇರಿ 740 ಗ್ರಾಂ. ವೈರ್ ಒಂದು, 60 ಗ್ರಾಂ. ಬಟ್ಟೆಯ ಚೀಲ ಅಮ್ಮನ ಹಳೆಯ ಶಾಲಿನಿಂದ ನಾನೇ ಹೊಲಿಯುತ್ತೇನೆ. ಲ್ಯಾಪ್‌ಟಾಪಿನ ಚಾರ್ಜರ್ ಹೇಗಿದ್ದರೂ ಇದೆ.

ಎರಡುಚೀಲ · ಜೂನ್ 8, ರಾತ್ರಿ 9:05

ಒಳ್ಳೆಯ ಆಯ್ಕೆ ಅಕ್ಕ. ಒತ್ತಿ ನೋಡಿ ತಗೊಂಡಿರಲ್ಲ, ಅದು ಸರಿಯಾದ ಕ್ರಮ. ನಾನು ನನ್ನದನ್ನು ಬರೀ ಫೋಟೋ ನೋಡಿ ತರಿಸಿದ್ದೆ. ಬೆಳಕು ಎಷ್ಟಿದೆ? 250 ನಿಟ್ಸ್ ಆದರೆ ಕಿಟಕಿ ಪಕ್ಕ ಕಷ್ಟ ಆಗುತ್ತದೆ.

ತುಂಗಾತೀರ · ಜೂನ್ 8, ರಾತ್ರಿ 9:20

300 ಅಂತ ಬರೆದಿದೆ. ಲ್ಯಾಪ್‌ಟಾಪಿನ ಪಕ್ಕ ಇಟ್ಟರೆ ಸ್ವಲ್ಪ ಮಂಕು ಅನಿಸುತ್ತದೆ. ಊರಿಗೆ ಹೋದ ಮೇಲೆ ನೋಡಿ ಹೇಳುತ್ತೇನೆ.

ಗಣಿತದಮೇಷ್ಟ್ರು · ಜೂನ್ 9, ಬೆಳಿಗ್ಗೆ 7:00

ಎತ್ತರದ ಬಗ್ಗೆ ಒಂದು ಮಾತು ತಂಗಿ. ನೋಡುವುದಕ್ಕೆ ಪರದೆ ಕಣ್ಣಿನ ಮಟ್ಟಕ್ಕೆ ಎದ್ದಿರಬೇಕು, ಮುಟ್ಟುವುದಕ್ಕೆ ಕೆಳಗೆ ವಾಲಿರಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಇಡೀ ದಿನ ಕೆಳಗಿನ ಪರದೆ ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ಟೆಸ್ಟ್ ಶೀಟ್ ಓದುವ ಹೊತ್ತು ಅದರ ಕೆಳಗೆ ಎರಡು ದಪ್ಪ ಪುಸ್ತಕ ಇಡಿ. ಒತ್ತುವ ಕೆಲಸ ಬಂದಾಗ ಪುಸ್ತಕ ತೆಗೆಯಿರಿ. ಪಾಠದ ನಡುವೆ ನಾನು ಹಾಗೇ ಮಾಡುತ್ತಿದ್ದೆ.

ತುಂಗಾತೀರ · ಜುಲೈ 6, ರಾತ್ರಿ 10:10

ಒಂದು ತಿಂಗಳಾಯಿತು. ಆಗಿದ್ದು ಆದ ಹಾಗೆ ಬರೆಯುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೆ ಬೇಕಾಗಬಹುದು.

ಕೆಲಸಕ್ಕೆ ಬಹಳ ಅನುಕೂಲ ಆಗಿದೆ. ಎಡಕ್ಕೆ ಲ್ಯಾಪ್‌ಟಾಪಿನಲ್ಲಿ ಶೀಟ್, ಬಲಕ್ಕೆ ಮಾನಿಟರ್ ಮಲಗಿಸಿ ಆ್ಯಪ್. ಮೊದಲ ವಾರದಲ್ಲೇ ಬೆರಳಿಗೆ ಮಾತ್ರ ಸಿಗುವ ಎರಡು ತಪ್ಪು ಹಿಡಿದೆ. ಒಂದರಲ್ಲಿ "ಅಳಿಸು" ಮತ್ತು "ಉಳಿಸು" ಎರಡೂ ಒತ್ತಿಕೊಂಡು ಕೂತಿದ್ದವು. ಹೆಬ್ಬೆರಳಿನಲ್ಲಿ ಒತ್ತಿದರೆ ಮೂರಕ್ಕೊಂದು ಸಲ ಬಿಲ್ಲೇ ಅಳಿದುಹೋಗುತ್ತಿತ್ತು. ಮೌಸಿನಲ್ಲಿ ಆರು ತಿಂಗಳು ಟೆಸ್ಟ್ ಮಾಡಿದರೂ ಇದು ಸಿಗುತ್ತಿರಲಿಲ್ಲ.

ಶಿವಮೊಗ್ಗದ ಒಂದು ದಿನಸಿ ಅಂಗಡಿಗೆ ಡೆಮೊಗೆ ಒಯ್ದೆ. ಮಾಲೀಕರು ವಯಸ್ಸಾದವರು. ಹಿಂದಿನ ಸಲ ಲ್ಯಾಪ್‌ಟಾಪ್ ಮುಂದಿಟ್ಟಾಗ ಕೈಕಟ್ಟಿ ನಿಂತು "ನೀವೇ ಮಾಡಿ ತೋರಿಸಮ್ಮ" ಅಂದಿದ್ದರು. ಈ ಸಲ ಮಾನಿಟರನ್ನು ಅವರ ಕಡೆ ತಿರುಗಿಸಿ ಕೌಂಟರಿನ ಮೇಲೆ ಮಲಗಿಸಿದೆ. ತಾವೇ ಬೆರಳು ಚಾಚಿ ತೊಗರಿಬೇಳೆ ಹುಡುಕಿ ಒಂದು ಬಿಲ್ ಮಾಡಿದರು. ಆಮೇಲೆ ಇನ್ನೊಂದು. ಅವರ ಬೆರಳಲ್ಲಿ ಬೆಲ್ಲದ ಅಂಟು ಇತ್ತು, ಪರದೆ ತುಂಬಾ ಗುರುತು ಬಿತ್ತು. ಒರೆಸಿದರೆ ಹೋಗುತ್ತದೆ. ನನಗೆ ಬಹಳ ಖುಷಿಯಾಯಿತು.

ಕರೆಂಟ್ ಲೆಕ್ಕ ತಂತಿಗಂಟು ಅಣ್ಣ ಹೇಳಿದ ಹಾಗೇ ಇದೆ. ಜೂನ್ ಕೊನೆಯ ವಾರ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟ್ ಸಂಜೆ ಐದಾದರೂ ಇಲ್ಲ. ಪವರ್ ಬ್ಯಾಂಕ್ ಮೇಲೆ ಮಾನಿಟರ್ ಬೆಳಕು ಅರ್ಧಕ್ಕಿಟ್ಟು ಸಂಜೆ ನಾಲ್ಕೂವರೆವರೆಗೆ ನಡೆಯಿತು. ಅದಕ್ಕೂ ಮೊದಲೇ ಲ್ಯಾಪ್‌ಟಾಪ್ ಬ್ಯಾಟರಿ ಮುಗಿದಿತ್ತು. ಹಾಗಾಗಿ ಕೊನೆಯ ಒಂದು ಗಂಟೆ ನನ್ನ ಸ್ಯಾಮ್‌ಸಂಗ್ ಎಸ್ ಸರಣಿಯ ಫೋನನ್ನೇ ಮಾನಿಟರಿಗೆ ಹಾಕಿ, ಫೋನನ್ನು ಕಂಪ್ಯೂಟರಿನ ಹಾಗೆ ತೋರಿಸುವ ಡೆಕ್ಸ್‌ನಲ್ಲಿ ಮೇಲ್‌ಗಳಿಗೆ ಉತ್ತರ ಬರೆದೆ. ಟಚ್ ಅದರಲ್ಲೂ ಕೆಲಸ ಮಾಡುತ್ತದೆ. ಅಮ್ಮನ ಫೋನ್ ಹಾಕಿ ನೋಡಿದೆ, ಚಿತ್ರ ಬರಲಿಲ್ಲ. ಅದರ ಟೈಪ್-ಸಿ ಬರೀ ಚಾರ್ಜಿಗೆ.

ತಾನೇ ಒತ್ತಿಕೊಳ್ಳುವ ತೊಂದರೆ ಬಂತು. ಊರಿನ ಮನೆಯ ಜಗುಲಿಯ ಪ್ಲಗ್ಗಿನಲ್ಲಿ ಮಾತ್ರ. ಒಳಕೋಣೆಯಲ್ಲಿ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದರೆ ಜಗುಲಿಯ ಪ್ಲಗ್ಗಿಗೆ ಅರ್ಥ್ ವೈರೇ ಎಳೆದಿರಲಿಲ್ಲ. ಅಲ್ಲೇ ಅಮ್ಮ ವರ್ಷಗಟ್ಟಲೆ ಮಿಕ್ಸಿ ಹಾಕುತ್ತಿದ್ದರು. ಸರಿ ಮಾಡಿಸಿದೆ. ಮಾನಿಟರಿನ ದೆಸೆಯಿಂದ ಅದು ಗೊತ್ತಾಯಿತು, ಅಣ್ಣ ನಿಮಗೆ ತುಂಬಾ ಉಪಕಾರ.

ಹಿಡಿಸದೇ ಇದ್ದದ್ದು ಬೆಳಕು. ಜಗುಲಿಯಲ್ಲಿ ಹಗಲು ಕೂತರೆ ಗಾಜಿನಲ್ಲಿ ಅಂಗಳದ ಅಡಿಕೆ ಮರಗಳೇ ಕಾಣುತ್ತವೆ. ಮ್ಯಾಟ್ ಫಿಲ್ಮ್ ಅಂಟಿಸಿದರೆ ಟಚ್ ಮೇಲೆ ಏನಾದರೂ ಪರಿಣಾಮ ಆಗುತ್ತದಾ?

ಅಕ್ಷರಪ್ರೀತಿ · ಜುಲೈ 7, ಬೆಳಿಗ್ಗೆ 9:30

ತೆಳು ಫಿಲ್ಮ್ ಆದರೆ ಟಚ್‌ಗೆ ಏನೂ ಆಗುವುದಿಲ್ಲ. ಪ್ರತಿಬಿಂಬ ಚದುರುತ್ತದೆ, ಆದರೆ ಸಣ್ಣ ಅಕ್ಷರದ ಅಂಚು ಸ್ವಲ್ಪ ಕಾಳುಕಾಳಾಗಿ ಕಾಣುತ್ತದೆ. ಒತ್ತಕ್ಷರ ಜಾಸ್ತಿ ಓದುವವರಾದರೆ ಮೊದಲು ಒಂದು ಮೂಲೆಗೆ ತುಂಡು ಇಟ್ಟು ನೋಡಿ, ಆಮೇಲೆ ಪೂರ್ತಿ ಅಂಟಿಸಿ. ನಾನು ಅಂಟಿಸಿ ವಾರದಲ್ಲೇ ಕಿತ್ತೆ.

ತಂತಿಗಂಟು · ಜುಲೈ 7, ರಾತ್ರಿ 10:40

ಅಕ್ಕಾ, ಅರ್ಥಿಂಗ್ ಸರಿಯಾಯಿತಲ್ಲ, ಅದು ಕೇಳಿ ಸಮಾಧಾನ ಆಯಿತು. ಉಳಿದ ಪ್ಲಗ್ಗುಗಳನ್ನೂ ಒಮ್ಮೆ ನೋಡಿಸಿಬಿಡಿ. ಮುಖ್ಯವಾಗಿ ಬಚ್ಚಲುಮನೆಯ ಗೀಸರಿನದು.

ತುಂಗಾತೀರ · ಜುಲೈ 7, ರಾತ್ರಿ 10:55

ನಾಳೆಯೇ ಹೇಳಿ ಕರೆಸುತ್ತೇನೆ ಅಣ್ಣ. ಫಿಲ್ಮ್ ಸದ್ಯಕ್ಕೆ ಬೇಡ, ಮೇಜನ್ನೇ ಒಳಕೋಣೆಗೆ ಹಾಕಿದೆ.